ಗೊಬ್ಬರಗುಂಡಿ ಪಕ್ಕದ ಮಣ್ಣು

ಮೆಕ್ಕೆಜೋಳ ಮೊಣಕಾಲುದ್ದ ಬರುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ನಮಗಿರುವುದು ಎರಡು ಹೊಲ. ಮನೆಯ ಹಿಂದಿನದು ಚಿಕ್ಕದು, ದನಕ್ಕೆ ಮೇವು ಬೆಳೆಯುತ್ತೇವೆ. ದಿಬ್ಬದ ಮೇಲಿನದು ದೊಡ್ಡದು. ನಾನು, ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ವರ್ಷವಿಡೀ ಉಣ್ಣುವುದು ಆ ಮೇಲಿನ ಹೊಲದ ಕಾಳನ್ನು. ಅದು ಹೋದರೆ ಊಟ ಹೋದಂತೆ.

ಹದಿನೆಂಟು ದಿನ ಹನಿ ಬೀಳಲಿಲ್ಲ. ಎಲೆಗಳು ಸುರುಳಿ ಸುತ್ತಿಕೊಂಡವು. ಬದುವಿನ ಆಚೆ ನನ್ನ ನಾದಿನಿಯ ಹೊಲ. ಅದೇ ಮಣ್ಣು, ಅದೇ ಬೀಜ, ಅದೇ ಬಿಸಿಲು. ಅವಳ ಎಲೆಗಳೂ ಮಧ್ಯಾಹ್ನ ಸುತ್ತಿಕೊಳ್ಳುತ್ತಿದ್ದವು, ಆದರೆ ಬೆಳಿಗ್ಗೆ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ನಮ್ಮವು ಬಿಚ್ಚಿಕೊಳ್ಳಲಿಲ್ಲ.

“ಏನು ಹಾಕಿದ್ದೀಯೇ?” ಎಂದು ನಾದಿನಿಯನ್ನು ಕೇಳಿದೆ.

“ಬಿತ್ತೋ ಮುಂಚೆ ಮಣ್ಣಿಗೆ ಜಿಂಕ್ ಪುಡಿ ಹಾಕಿದೆ ಅತ್ತಿಗೆ. ಮಣ್ಣು ಪರೀಕ್ಷೇಲಿ ಅದು ಕಡಿಮೆ ಇದೆ ಅಂತ ಬಂದಿತ್ತು. ನಿಮ್ಮದೂ ಮಾಡಿಸಿದ್ರಲ್ಲ?”

ಮಾಡಿಸಿದ್ದೆವು. ‘ಎಲ್ಲ ಸಾಕಷ್ಟಿದೆ’ ಎಂದು ಬಂದ ಚೀಟಿಯನ್ನು ನನ್ನ ಗಂಡ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ್ದ. ಪುಡಿ ಗಿಡಿ ಹಾಕೋರು ಕೆಲಸವಿಲ್ಲದೋರು ಎಂದು ತಂಗಿಯನ್ನು ಹಂಗಿಸಿಯೂ ಇದ್ದ.

ಕೃಷಿ ಕಚೇರಿಯಲ್ಲಿ ಮಣ್ಣು ಪರೀಕ್ಷೆ ಮಾಡುವವಳನ್ನು ಊರಲ್ಲಿ ಕರೆಯುವುದೇ ಮಣ್ಣಕ್ಕ ಎಂದು. ಅವಳನ್ನು ಹೊಲಕ್ಕೇ ಕರೆದುಕೊಂಡು ಬಂದೆ, ಗಂಡನೂ ಜೊತೆಗಿದ್ದ. ಅವಳು ಒಂದು ಗಿಡ ಕಿತ್ತಳು. ಎಳೆಯ ಎಲೆಗಳಲ್ಲಿ ನಡುನರದ ಎರಡೂ ಕಡೆ ಬಿಳಿ ಪಟ್ಟೆ. ಬೇರು ಗೇಣುದ್ದವೂ ಇರಲಿಲ್ಲ.

“ಜಿಂಕ್ ಇಲ್ಲ. ಬೇರು ಇಳಿದಿಲ್ಲ. ಕೆಳಗೆ ಇನ್ನೂ ತೇವ ಇದೆ ಅಣ್ಣ, ಆದ್ರೆ ಇದಕ್ಕೆ ಅಲ್ಲಿವರೆಗೆ ಎಟಕಲ್ಲ.”

“ಚೀಟೀಲಿ ಎಲ್ಲ ಸರಿ ಇದೆ ಅಂತ ನೀವೇ ಬರೆದುಕೊಟ್ರಿ!” ನನ್ನ ಗಂಡ ಸಿಡುಕಿದ.

“ಮಣ್ಣು ಎಲ್ಲಿಂದ ತೆಗೆದ್ರಿ?”

ಅವನು ತಲೆ ಕೆರೆದುಕೊಂಡ. “ಮನೆ ಹಿಂದೆ... ಗೊಬ್ಬರಗುಂಡಿ ಪಕ್ಕ. ಕಚೇರೀಲಿ ನಾಲ್ಕು ಜನ ನೋಡೋ ಮಣ್ಣು, ಸ್ವಲ್ಪ ಚೆನ್ನಾಗಿರ್ಲಿ ಅಂತ...”

ಮಣ್ಣಕ್ಕ ಕಿತ್ತ ಗಿಡವನ್ನು ಮೆಲ್ಲಗೆ ಕೆಳಗಿಟ್ಟಳು.

“ಅಣ್ಣ, ಜ್ವರ ಬಂದ ಮಗೂನ ಮನೇಲಿ ಮಲಗಿಸಿ, ಗಟ್ಟಿಮುಟ್ಟಾಗಿರೋ ಮಗೂನ ಡಾಕ್ಟರಿಗೆ ತೋರಿಸಿದ್ರಲ್ಲ!”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಅವನ ಮುಖ ನೋಡಲೂ ಮನಸ್ಸಾಗಲಿಲ್ಲ.

“ಈಗೇನು ಮಾಡೋದು?” ಎಂದೆ.

“ಎಲೆಗೆ ಸಿಂಪಡಿಸಿ ನೋಡೋಣ. ಒಂದು ಲೀಟರ್ ನೀರಿಗೆ ಐದು ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧದಷ್ಟು ಸುಣ್ಣ. ಬಿಸಿಲು ಇಳಿದ ಮೇಲೆ ಹೊಡೀರಿ. ತಡವಾಗಿದೆ ಅಕ್ಕ, ಉಳಿಯುತ್ತೆ ಅಂತ ಮಾತು ಕೊಡಲ್ಲ.”

“ಹತ್ತು ಗ್ರಾಂ ಹಾಕಿದ್ರೆ ಬೇಗ ಚೇತರಿಸಿಕೊಳ್ಳುತ್ತಾ?” ಗಂಡ ಕೇಳಿದ.

“ಎಲೆ ಸುಟ್ಟುಹೋಗುತ್ತೆ. ಊಟಕ್ಕೆ ಚಿಟಿಕೆ ಉಪ್ಪು ಬೇಕು ಅಂತ ಹಿಡಿ ಉಪ್ಪು ತಿಂತೀರಾ? ಇನ್ನೊಂದು ಮಾತು. ಜಿಂಕ್ ಮಳೆ ತರಲ್ಲ, ನೀರಿನ ಬದಲಿಗೂ ಬರಲ್ಲ. ಮೊದಲೇ ಸಿಕ್ಕಿದ್ರೆ ಬೇರು ಗಟ್ಟಿಯಾಗಿ ಇಳಿದು, ಮುಂದಿನ ಮಳೆವರೆಗೆ ತಡ್ಕೊಳ್ಳೋ ಶಕ್ತಿ ಗಿಡಕ್ಕೆ ಬರುತ್ತೆ, ಅಷ್ಟೆ.”

ಅವತ್ತೇ ಸಂಜೆ ಸಿಂಪಡಿಸಿದೆವು. ವಾರದ ನಂತರ ಕೆಳಬದುವಿನ ಉದ್ದಕ್ಕೆ, ಸ್ವಲ್ಪ ತೇವ ಉಳಿದಿದ್ದ ಕಡೆ, ಹೊಸ ಎಲೆ ಹಸಿರಾಗಿ ಬಂತು. ಮಿಕ್ಕದ್ದು ನಿಂತಲ್ಲೇ ಒಣಗಿತು. ಅದನ್ನು ಕೊಯ್ದು ದನಕ್ಕೆ ಹಾಕಿದೆವು. ಮಳೆ ಬಂದಿದ್ದು ಅದಾದ ಆರು ದಿನಕ್ಕೆ.

ನಾದಿನಿಗೂ ಎಂದಿನಷ್ಟು ಬೆಳೆ ಬರಲಿಲ್ಲ. ಆದರೆ ವರ್ಷದ ಊಟಕ್ಕಾಯಿತು. ನಮಗೆ ಸಿಕ್ಕಿದ್ದು ಎರಡು ತಿಂಗಳ ಕಾಳು. ಈಗ ಅತ್ತೆ ಒಂದೇ ಹೊತ್ತು ಉಣ್ಣುತ್ತಾರೆ. ತಟ್ಟೆ ಮುಂದಿಟ್ಟರೆ “ನಂಗೆ ಹಸಿವಿಲ್ಲ, ಮಕ್ಕಳಿಗೆ ಹಾಕಮ್ಮ” ಎನ್ನುತ್ತಾರೆ. ಹಸಿವಿದೆ ಎಂದು ನನಗೆ ಗೊತ್ತು. ಅವರ ಮಗನಿಗೂ ಗೊತ್ತು. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅವನನ್ನು ನೋಡಿದರೆ ಅಳುವೂ ಬರುತ್ತದೆ.

ಮೊನ್ನೆ ನಾನು ಹೇಳುವ ಮೊದಲೇ ಅವನು ಗುದ್ದಲಿ ಹಿಡಿದು ದಿಬ್ಬ ಹತ್ತಿದ. ಅಂಕುಡೊಂಕಾಗಿ ನಡೆದು ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದ. ಬದು, ಮರದ ಬುಡ, ಗೊಬ್ಬರ ಬಿದ್ದ ಜಾಗ ಬಿಟ್ಟ. ಎಲ್ಲ ಬೆರೆಸಿ ಅರ್ಧ ಕೆಜಿ ಚೀಲಕ್ಕೆ ತುಂಬಿದ.

“ಚೀಲಕ್ಕೆ ಹಾಕೋ ಚೀಟೀಲಿ ಏನು ಬರೀಲಿ?” ಎಂದು ಕೇಳಿದ.

“ನಿಜ ಬರೀರಿ” ಎಂದೆ.

‘ಮೇಲಿನ ಹೊಲ. ಒಣಗಿಹೋಯಿತು’ ಎಂದು ಬರೆದು ಚೀಲದೊಳಗೆ ಹಾಕಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬಿತ್ತನೆಗೆ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಒಂದೊಂದು ಹೊಲದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕೊಡಿ. ಯಾವುದು ಕಡಿಮೆ ಎಂದು ಬರುತ್ತದೋ ಅದನ್ನು ಮಾತ್ರ, ಹೇಳಿದಷ್ಟೇ ಹಾಕಿ. ಬಡವಾದ ಮಣ್ಣನ್ನು ತೋರಿಸಲು ನಾಚಬೇಡಿ. ನಮ್ಮ ಮನೆಯವನು ಒಂದು ದಿನ ನಾಚಿಕೊಂಡ. ನಮ್ಮತ್ತೆ ದಿನಾ “ಹಸಿವಿಲ್ಲ” ಎನ್ನುತ್ತಿದ್ದಾರೆ.