ಕ್ರೇನಿನ ಪಾಲು

ಊಟದ ಗಂಟೆ ಹೊಡೆಯುವುದನ್ನೇ ಕ್ರೇನ್ ಆಪರೇಟರ್ ಕಾದು ಕೂತಿದ್ದ. ಹಸಿವಿಗಲ್ಲ. ಗಂಟೆ ಹೊಡೆದ ಕೂಡಲೇ ಬಂದರಿನ ಇನ್ನೂರು ಜನವೂ ಮೊಬೈಲಿನಲ್ಲಿ ಫುಟ್‌ಬಾಲ್ ಫೈನಲ್ ಪಂದ್ಯ ನೋಡಬೇಕು, ಆ ಹೊತ್ತಿಗೇ ತಾನು ಕಂಟೇನರ್ ಇಳಿಸುತ್ತೇನೆ ಎಂದು ಅವನೇ ಎಲ್ಲರಿಗೂ ಹೇಳಿಟ್ಟಿದ್ದ. ಕೆಲಸದ ಜಾಗದಲ್ಲಿ ಪಂದ್ಯ ನೋಡಿ ಎಂದು ಯಾರಾದರೂ ಬೇಡಿಕೊಂಡದ್ದು ಅದೇ ಮೊದಲು. ಯಾರೂ ಇಲ್ಲವೆನ್ನಲಿಲ್ಲ.

ಇಪ್ಪತ್ತಾರು ವರ್ಷ ಕ್ರೇನಿನ ನೆತ್ತಿಯ ಕ್ಯಾಬಿನ್ನಿನಲ್ಲಿ ಕೂತವನಿಗೆ ಈಗ ಮೊಣಕಾಲು ಕೈಕೊಟ್ಟಿತ್ತು. ನೆಲದ ಮೇಲಿನ ಕೋಣೆಯಲ್ಲಿ ಪರದೆ ನೋಡುತ್ತ ಕ್ರೇನ್ ನಡೆಸಲು ಬಂದರೆ ಸರಿ, ಇಲ್ಲವಾದರೆ ಉಗ್ರಾಣದಲ್ಲಿ ಕೈಗವಸು ಹಂಚುತ್ತ ಕೂರಬೇಕು. ಹೋದ ವಾರ ಎಲ್ಲರೂ ಊಟಕ್ಕೆ ಕೂತು ಮೊಬೈಲ್ ತೆಗೆದಾಗ ಪರದೆಯ ಚಿತ್ರ ಗಕ್ಕನೆ ನಿಂತು, ಕಂಟೇನರ್ ಹೋಗಿ ಲಾರಿಗೆ ಬಡಿದಿತ್ತು. ಲಾರಿ ಅವನ ಬಾಮೈದನದು. ಅಂದಿನಿಂದ ಮನೆಯಲ್ಲಿ ಉಪ್ಪು ಕೇಳಿದರೂ ಲಾರಿಯ ಮಾತೇ ಬರುತ್ತಿತ್ತು.

ನೆಟ್‌ವರ್ಕ್ ಇಂಜಿನಿಯರ್ ಹುಡುಗಿ ಅದಕ್ಕೊಂದು ಉಪಾಯ ಮಾಡಿದ್ದಳು. ಎಲ್ಲರ ಮೊಬೈಲಿಗೂ ಕ್ರೇನಿನ ಪರದೆಗೂ ಸಿಗ್ನಲ್ ಕೊಡುವ ಟವರ್ ಅದೇ, ಆದರೆ ಅದರೊಳಗೇ ಕ್ರೇನಿಗೆಂದು ಒಂದು ಪಾಲನ್ನು ಬೇರೆ ತೆಗೆದಿಟ್ಟಿದ್ದಳು.

“ಒಂದೇ ಮನೇಲಿ ಅಣ್ಣತಮ್ಮ ಬೇರೆಯಾದ ಹಾಗೆ ಅಂಕಲ್. ಸೂರು ಒಂದೇ, ಒಲೆ ಬೇರೆ. ಆ ಕಡೆ ನೂರು ಜನ ನೆಂಟರು ಬಂದ್ರೂ ನಿಮ್ಮ ಅನ್ನಕ್ಕೆ ಕೈ ಹಾಕಲ್ಲ.”

“ಗೋಡೆ ಎಲ್ಲಮ್ಮಾ?”

“ಗೋಡೆ ಇಲ್ಲ. ಎಲ್ಲಾ ಸಾಫ್ಟ್‌ವೇರಲ್ಲೇ ಬರೆದಿರೋದು.”

“ನಾನೂ ನಮ್ಮಣ್ಣನೂ ಬೇರೆಯಾದಾಗ್ಲೂ ಎಲ್ಲಾ ಕಾಗದದಲ್ಲಿ ಬರೆದಿತ್ತು. ಅವನ ಮಕ್ಕಳು ದಿನಾ ಉಣ್ತಿದ್ದಿದ್ದು ನಮ್ಮನೇಲಿ. ನೆಂಟರನ್ನ ಕರೆಸಿಯೇ ನೋಡೋಣ.”

ಗಂಟೆ ಹೊಡೆಯಿತು. ಕ್ಯಾಂಟೀನಿನ ಜಗಲಿಯಲ್ಲಿ ಇನ್ನೂರು ಮೊಬೈಲ್ ಹೊರಬಂದವು. ಬಾಮೈದ ಲಾರಿ ನಿಲ್ಲಿಸಿ ಇಳಿದು, ಹಳದಿ ಗೆರೆಯಾಚೆ ನಿಂತರೆ ಸಾಕಾಗಿದ್ದರೂ ಇನ್ನೂ ಹತ್ತು ಹೆಜ್ಜೆ ದೂರ ಹೋಗಿ ನಿಂತ. ಕೋಣೆಯಲ್ಲಿ ಆಪರೇಟರ್ ಪರದೆಯ ಮುಂದೆ ಸನ್ನೆಕೋಲು ಹಿಡಿದ. ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಕಂಟೇನರ್ ಅರ್ಧ ಇಳಿದಿರಬೇಕು, ಜಗಲಿಯಿಂದ ಹೋ ಎಂಬ ಗೋಳು ಎದ್ದಿತು. ಚೆಂಡು ಇನ್ನೇನು ಗೋಲಿಗೆ ಹೋಗಬೇಕು ಎನ್ನುವಾಗ ಮೊಬೈಲುಗಳೆಲ್ಲ ಸುತ್ತುವ ಚಕ್ರ ತೋರಿಸುತ್ತ ನಿಂತುಬಿಟ್ಟಿದ್ದವು. ಅವನ ಪರದೆ ಮಾತ್ರ ನಿಲ್ಲಲಿಲ್ಲ. ಬೆರಳು ಆಡಿದಂತೆ ಹಗ್ಗ ಆಡಿತು, ಕಂಟೇನರಿನ ನಾಲ್ಕು ಮೂಲೆಗಳೂ ಲಾರಿಯ ಮೇಲೆ ಸದ್ದಿಲ್ಲದೆ ಕೂತವು.

ವಾಕಿಟಾಕಿಯಲ್ಲಿ ಬಾಮೈದನ ದನಿ ಬಂತು. “ಭಾವಾ, ಕೂತಿದ್ದೇ ಗೊತ್ತಾಗ್ಲಿಲ್ಲ. ಅಕ್ಕಂಗೆ ನಾನೇ ಹೇಳ್ತೀನಿ.”

ವರದಿಯಲ್ಲಿ ಏನು ಬರೆಯಲಿ ಎಂದು ಹುಡುಗಿ ಕೇಳಿದಳು. “ಉಗ್ರಾಣಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಬರಿಯಮ್ಮ,” ಎಂದ.

ಜಗಲಿಯವರು ಇನ್ನೂ ಅವನಿಗೆ ಶಾಪ ಹಾಕುತ್ತಲೇ ಇದ್ದರು. ಮುಂದಿನ ಕಂಟೇನರಿಗೆ ಕ್ರೇನ್ ಹಿಂದಿರುಗಬೇಕಿತ್ತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ, ತಾನು ಕೂರುತ್ತಿದ್ದ ಖಾಲಿ ಕ್ಯಾಬಿನ್ನಿನ ಕಂಬಿಯ ಮೇಲೆ ಕಾಗೆಯೊಂದು ಬಂದು ಕೂತದ್ದು ಕಂಡಿತು. ಅವನು ಸನ್ನೆಕೋಲನ್ನು ಮೆಲ್ಲಗೆ, ಬಲು ಮೆಲ್ಲಗೆ ಒತ್ತಿದ. ಕಾಗೆ ರೆಕ್ಕೆ ಬಿಚ್ಚದೆ ಕೂತಲ್ಲೇ ಕೂತು ಕ್ಯಾಬಿನ್ನಿನೊಂದಿಗೆ ಕಡಲಿನ ಕಡೆಗೆ ಸಾಗಿತು.