ಹೊಳೆದ ಮುರುಕು

ಚಿಕ್ಕರಂಗಯ್ಯ ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು, ಎಡಗೈಯಿಂದ ಮುರಿದ ಗೂಟದ ತುಂಡುಗಳನ್ನು ಕುಲುಮೆಯ ಅಡಿಗಲ್ಲಿನ ಮೇಲಿಟ್ಟ. ಕಮ್ಮಾರ ಲಿಂಗಾಚಾರಿ ಅವನ್ನು ತಕ್ಷಣ ಮುಟ್ಟಲಿಲ್ಲ.

ತೆಂಗಿನಕಾಯಿ ಸುಲಿಯಲು ನೆಲದಲ್ಲಿ ನೆಡುವ ಆ ಗೂಟವನ್ನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಿಂದ ಅವನೇ ಬಡಿದುಕೊಟ್ಟು ತಿಂಗಳಾಗಿರಲಿಲ್ಲ. ಹೊನ್ನವಳ್ಳಿಯ ಸದಾಶಿವಯ್ಯನವರು ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಿಸಿದ್ದ ಕಾಯಿ ಸುಲಿಯುವಾಗ ಅದು ಲಟಕ್ಕನೆ ಮುರಿದು ಚಿಕ್ಕರಂಗಯ್ಯನ ಅಂಗೈ ಸೀಳಿತ್ತು. ಕುಡಿದು ಬಂದು ಓರೆ ಹೊಡೆದಿದ್ದೀಯ, ಇನ್ನು ನಮ್ಮ ಅಟ್ಟ ಹತ್ತಬೇಡ ಎಂದು ಅವರು ಎಲ್ಲರೆದುರು ಬೈದರು. ಸುದ್ದಿ ಕೇಳಿ ಓಡಿಹೋಗಿದ್ದ ಲಿಂಗಾಚಾರಿಯೂ ಅಲ್ಲೇ ನಿಂತಿದ್ದ. ತುಟಿ ಬಿಚ್ಚಿರಲಿಲ್ಲ.

"ನಂದೇ ತೆಪ್ಪೇನೋ ಕಣಾಚಾರಿ. ಓರೆ ಬಿತ್ತೇನೋ. ಇನ್ನೊಂದು ಮಾಡ್ಕೊಡು," ಅಂದ ಚಿಕ್ಕರಂಗಯ್ಯ. ಮೂವತ್ತು ವರ್ಷ ಸುಲಿದವನು ಈಗ ತನ್ನ ಕೈಯನ್ನೇ ನಂಬದಂತಾಗಿದ್ದ.

ಲಿಂಗಾಚಾರಿ ತುಂಡೊಂದನ್ನು ಎತ್ತಿ ಬಿಸಿಲಿಗೆ ತಿರುಗಿಸಿದ. ಹದಕ್ಕೆ ಕಾದ ಉಕ್ಕು ಮುರಿದರೆ ಒಳಗೆ ಬೂದಿ ಬಣ್ಣ, ಹುರಿಹಿಟ್ಟಿನ ನಯ. ಇದರಲ್ಲಿ ದಪ್ಪ ಹರಳುಗಳೆದ್ದು ಕಲ್ಲುಸಕ್ಕರೆಯಂತೆ ಮಿನುಗುತ್ತಿದ್ದವು.

ಆ ಗೂಟ ಬಡಿದ ದಿನ ಕುಲುಮೆಯ ಮುಂದೆ ನಾಲ್ಕು ಜನ ಕೂತಿದ್ದರು. ತನ್ನ ಕೈಯ ಗೂಟ ಮೊಮ್ಮಕ್ಕಳ ಕಾಲಕ್ಕೂ ಮುರಿಯದು ಎಂದು ಲಿಂಗಾಚಾರಿ ಹೇಳುತ್ತಲೇ ಇದ್ದ. ತಿದಿ ಒತ್ತುತ್ತಿದ್ದ ಹೆಂಡತಿ ಭೈರಮ್ಮ, ಬೆಳ್ಳಗಾಯ್ತು, ಇನ್ನೇನ್ ಕಿಡಿ ಉಗುಳ್ತೈತೆ ಅಂದಳು. ಜನರೆದುರು ಹೆಂಗಸು ತಿದ್ದಿದಳಲ್ಲ ಎಂದು ಅವನು ಗದರಿಬಿಟ್ಟ. ಹಾಗೆ ಅತಿಯಾಗಿ ಕಾದು ಕೆಟ್ಟ ಉಕ್ಕನ್ನು ಬೂದಿಯಲ್ಲಿ ಆರಲು ಬಿಟ್ಟು, ಮತ್ತೆ ಕೆಂಪಗೆ ಕಾಸಿ ಬಡಿದರೆ ಒಳಗಿನ ಹರಳು ಸಣ್ಣಗಾಗುತ್ತದೆ. ಅವನಿಗೆ ಗೊತ್ತಿತ್ತು. ಆದರೂ ನೇರ ನೀರಿಗೆ ಅದ್ದಿ ಕೊಟ್ಟಿದ್ದ.

"ಇಲ್ಲಿ ನೋಡು. ಹೆಂಗ್ ಹೊಳೀತೈತೆ," ಎಂದು ಲಿಂಗಾಚಾರಿ ತುಂಡನ್ನು ಚಿಕ್ಕರಂಗಯ್ಯನ ಮುಂದೆ ಹಿಡಿದ.

"ಹೊಳುದ್ರೆ ಒಳ್ಳೇದಲ್ವೇನಪ್ಪ?"

ಇವತ್ತೂ ಪಕ್ಕದಲ್ಲಿ ಕೂತಿದ್ದ ಭೈರಮ್ಮನ ತಿದಿ ನಿಂತಿತು. ಲಿಂಗಾಚಾರಿ ತಲೆಯೆತ್ತಲಿಲ್ಲ. "ನಿನ್ ಕೈ ತೆಪ್ಪಲ್ಲ ಕಣೋ. ಬೆಂಕೀಲಿ ನಾನೇ ಕೆಡಿಸ್ದೆ."

ಚಿಕ್ಕರಂಗಯ್ಯ ಗಾಯದ ಬಟ್ಟೆಯ ಗಂಟು ಬಿಗಿದುಕೊಂಡ. ಬೈಯಲಿಲ್ಲ. "ಅಂಗಾರೆ ಈ ಮಾತ್ನ ಸದಾಶಿವಯ್ನೋರ್ ತಾವ ಒಂದ್ಸಲ ಹೇಳು. ನಂಗೆ ಅಟ್ಟದ ಕೆಲ್ಸ ಬೇಕು."

"ನಾಳೆ ಹೇಳ್ತೀನಿ ಬುಡು."

ಹೊಸ ಗೂಟವನ್ನು ಲಿಂಗಾಚಾರಿ ಹದ ನೋಡಿಕೊಂಡು ಬಡಿದ. ಅದರಲ್ಲಿ ಸುಲಿದ ಮೊದಲ ಕಾಯಿ ಕುಲುಮೆಗೆ ಎನ್ನುವುದು ಆ ಕಡೆಯ ವಾಡಿಕೆ. ಚಿಕ್ಕರಂಗಯ್ಯ ಗಾಯದ ಕೈಯನ್ನೂ ಆನಿಸಿ, ಹಲ್ಲು ಕಚ್ಚಿ ಒಂದು ಕಾಯಿ ಸುಲಿದು ಇಟ್ಟುಹೋದ. ಸಂಜೆ ಭೈರಮ್ಮ ಅದನ್ನು ಒಡೆಯಲು ಎತ್ತಿಕೊಂಡಾಗ, ಹೇಳಿ ಬಂದ ಮೇಲೆ ಒಡೆಯೋಣ ಎಂದು ಲಿಂಗಾಚಾರಿ ಗೋಡೆಯ ಗೂಡಿನಲ್ಲಿಟ್ಟ.

ಯುಗಾದಿ ಬಂತು, ಹೋಯಿತು. ಸದಾಶಿವಯ್ಯನವರ ಅಟ್ಟಕ್ಕೆ ಬೇರೆ ಆಳು ಬಂದ. ಯಾವಾಗ ಹೇಳುವುದು ಎಂದು ಭೈರಮ್ಮ ಕೇಳುವುದನ್ನು ಬಿಟ್ಟಳು. ಸುತ್ತಿಗೆ ಬಿದ್ದಾಗಲೆಲ್ಲ ಗೂಡಿನ ಕಾಯಿ ಅದುರಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಅಲುಗುತ್ತಿತ್ತು.