ಹುಲಿಯಪ್ಪನ ತಲೆದೆಸೆಯ ಬಾಟಲಿ

ಗೋಪಾಲಪ್ಪ ಸೊಂಟದಿಂದ ಬ್ರಾಂದಿ ಬಾಟಲಿ ತೆಗೆದು ತಮ್ಮ ಹುಲಿಯಪ್ಪನ ಹೆಣದ ತಲೆದೆಸೆಯಲ್ಲಿ, ವೀಳ್ಯದೆಲೆಯ ಪಕ್ಕ ಇಡುವಷ್ಟರಲ್ಲಿ ಕನ್ನಮ್ಮ ಅವನ ಕೈ ಹಿಡಿದುಬಿಟ್ಟಳು.

"ತೆಗೀರಿ ಭಾವ ಅದನ್ನ."

"ಸತ್ತೋರಿಗೆ ಇಷ್ಟದ್ದು ಇಟ್ಟು ಕಳಿಸ್ಬೇಕು ಕನ್ನಮ್ಮ. ನಮ್ಮಪ್ಪಂಗೂ ಇಟ್ಟಿದ್ವಲ್ಲ. ನಾಚ್ಕೆ ಎಂತಕ್ಕೆ? ಊರಿಗೆಲ್ಲ ಗೊತ್ತಿರೋದೇ."

ಊರಿಗೆ ಏನು ಗೊತ್ತು, ಮಣ್ಣು! ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಿಲ್ಲದ್ದು ಊರಿಗೆ ಗೊತ್ತಂತೆ. ಅಪ್ಪ ಕುಡಿದು ಕುಡಿದೇ ಸತ್ತದ್ದನ್ನು ಕಣ್ಣಾರೆ ಕಂಡ ಹುಲಿಯಪ್ಪ ಆ ವಸ್ತುವನ್ನು ಮುಟ್ಟಿದವನೇ ಅಲ್ಲ. ಅವನಿಗಿದ್ದ ಚಟವೆಂದರೆ ಬೆಲ್ಲದ ಕಾಫಿ. ಸಕ್ಕರೆ ಕಾಯಿಲೆ ಬಂದ ಮೇಲೆ ಅದನ್ನೂ ಹೆಂಡತಿಯ ಕಣ್ಣು ತಪ್ಪಿಸಿ ಕುಡಿಯುತ್ತಿದ್ದ.

ಬಾಗಿಲ ಬಳಿ ಯಾರೋ ಪಿಸುಗುಟ್ಟಿದರು. "ಲಿವರ್ ಹೋಗಿತ್ತಂತಲ್ಲ."

"ಸುಮ್ನೆ ಹೋಗುತ್ತಾ? ಗಾಡಿ ಓಡ್ಸೋರ ಕತೆ ಗೊತ್ತಲ್ಲ ಮಾರಾಯ."

ಕನ್ನಮ್ಮ ಹಿಡಿದ ಕೈ ಬಿಡಲಿಲ್ಲ. ಇವತ್ತು ಈ ಬಾಟಲಿ ಇಲ್ಲಿ ಕೂತರೆ ಮುಗಿಯಿತು, ಕುಡುಕ ಹುಲಿಯಪ್ಪ ಎಂಬ ಹೆಸರೇ ಶಾಶ್ವತ.

* * *

ಕೊರೊನಾದ ಎರಡನೇ ಅಲೆಯಲ್ಲಿ ಹುಲಿಯಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಬದುಕಿ ಬಂದವನು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

"ಶುಗರ್ರು, ಕೊಬ್ಬು ಸೇರಿ ನಿಮ್ಮ ಲಿವರ್ ಮೊದಲೇ ಸೋತಿತ್ತು. ಈಗ ಕೊರೊನಾ ಬಂದು ಇನ್ನಷ್ಟು ಪೆಟ್ಟಾಗಿದೆ. ಕೆಮ್ಮು ಹೋಯ್ತು ಅಂತ ಸುಮ್ಮನಾಗಬೇಡಿ. ರಕ್ತ ಪರೀಕ್ಷೆಗೆ ಬರ್ತಾ ಇರಿ."

"ನಾನು ಕುಡಿಯಲ್ಲ ಡಾಕ್ಟ್ರೇ."

"ಕುಡಿಯದವರಿಗೂ ಬರುತ್ತೆ."

ಈ ಒಂದು ಮಾತನ್ನು ಆಕೆ ತಮ್ಮೂರು ತುಮರಿಗೇ ಬಂದು ಹೇಳಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಹುಲಿಯಪ್ಪ ತಪ್ಪದೆ ಪರೀಕ್ಷೆಗೆ ಹೋಗುತ್ತಿದ್ದ. ತುಮರಿಗೂ ಬ್ಯಾಕೋಡಿಗೂ ಮತ್ತೆ ಟೆಂಪೋ ಓಡಿಸತೊಡಗಿದ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೊಂದು ದಿನ ಲಿವರಿನ ಕಾಯಿಲೆ ತಲೆಗೇರಿ ಸ್ಟೇರಿಂಗ್ ಹಿಡಿದ ಕೈ ನಡುಗಿತು, ನಾಲಿಗೆ ತೊದಲಿತು. ಜನ ದಡಬಡ ಇಳಿದರು. ಎದುರಿನ ಚಹದಂಗಡಿಯಿಂದ ಓಡಿ ಬಂದ ಗೋಪಾಲಪ್ಪ ತಮ್ಮನ ಗಲ್ಲ ಹಿಡಿದೆತ್ತಿ, ಹತ್ತು ಜನರ ಎದುರು ಬಾಯಿ ಮೂಸಿ ನೋಡಿದ. ವಾಸನೆ ಇರಲಿಲ್ಲ.

"ವಾಸ್ನೆ ಬರ್ದಂಗೆ ಕುಡಿಯೋದು ಕಲ್ತಿದಾನೆ" ಎಂದ.

ಜನ ನಕ್ಕರು. ಕಾಮಾಲೆ ಬಂದದ್ದು ಹುಲಿಯಪ್ಪನ ಕಣ್ಣಿಗೆ, ಕಂಡದ್ದೆಲ್ಲ ಹಳದಿಯಾದದ್ದು ಊರಿಗೆ.

ಅವತ್ತಿನಿಂದ ಅವನು ಅಂಗಳ ದಾಟಲಿಲ್ಲ. ಹೊಳೆಗೆ ಸೇತುವೆಯಾಗಿ ಸಾಗರ ಪೇಟೆ ಹತ್ತಿರವಾಯಿತು, ನೀರು ದಾಟಲು ಲಾಂಚಿಗೆ ಕಾಯುವ ಕಷ್ಟ ತಪ್ಪಿತು. ಆಸ್ಪತ್ರೆಗೆ ಹೋಗೋಣವೆಂದು ಕನ್ನಮ್ಮ ಕಾಲು ಹಿಡಿದು ಬೇಡಿಕೊಂಡರೂ ಅವನದು ಒಂದೇ ಮಾತು.

"ಅಲ್ಲೂ ಅದನ್ನೇ ಕೇಳ್ತಾರೆ ಕಣೆ, ದಿನಾ ಎಷ್ಟು ಹಾಕ್ತೀಯ ಅಂತ. ನಂಗೆ ಸಾಕಾಗಿದೆ."

ಹೊಟ್ಟೆ ಊದಿಕೊಂಡಿತು. ಕೊನೆಗೆ ರಕ್ತ ಕಾರಿದ.

* * *

"ಭಾವ," ಕನ್ನಮ್ಮನ ದನಿ ಗಟ್ಟಿಯಾಯಿತು. "ಅವತ್ತು ಎಲ್ಲರ ಎದುರು ಮೂಸಿದ್ರಲ್ಲ, ಇವತ್ತೂ ಮೂಸಿ."

"ಹುಚ್ಚು ಹಿಡೀತಾ ನಿಂಗೆ?"

"ವಾಸ್ನೆ ಬಂದ್ರೆ ಬಾಟ್ಲಿನ ನಾನೇ ಇಡ್ತೀನಿ. ಬರ್ಲಿಲ್ಲ ಅಂದ್ರೆ, ನನ್ನ ತಮ್ಮ ಕುಡೀತಿರ್ಲಿಲ್ಲ ಅಂತ ಇಲ್ಲೇ, ಇವರ ಎದುರೇ ಹೇಳ್ಬೇಕು."

ಗೋಪಾಲಪ್ಪ ಸುತ್ತ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಮೂಸೋ ಗೋಪಾಲ, ಅವಳು ಕೇಳೋದ್ರಲ್ಲಿ ಎಂತ ತಪ್ಪಿದೆ?" ಎಂದಳು.

ಅವನು ಮೊಣಕಾಲೂರಿ ಕೂತ. ಅರಿಶಿನ ಬಣ್ಣಕ್ಕೆ ತಿರುಗಿದ್ದ ಆ ಮುಖದ ಮೇಲೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಹೆಗಲು ಕುಲುಕತೊಡಗಿತು.

"ತಮ್ಮಾ..." ಎಂದು ಬಾಯಿ ತೆರೆದು ಅತ್ತ.

ಆ ಒಂದು ಕೂಗಿಗೆ ಜಗಲಿಯ ತುಂಬ ಬ್ರಾಂದಿಯ ವಾಸನೆ ಹರಡಿತು. ದುಃಖ ತಡೆಯಲಾರದೆ ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದ ಗೋಪಾಲಪ್ಪ. ಬಾಗಿಲ ಬಳಿ ಪಿಸುಗುಟ್ಟಿದವರು ಮುಖ ಮುಖ ನೋಡಿಕೊಂಡರು.

ಕನ್ನಮ್ಮ ಭಾವನನ್ನು ಪಕ್ಕಕ್ಕೆ ಸರಿಸಿದಳು. ಸೆರಗಿನ ತುದಿಯನ್ನು ಚೊಂಬಿನ ನೀರಿಗೆ ಅದ್ದಿ ಭಾವನ ಉಸಿರು ತಾಗಿದ್ದ ಗಂಡನ ತುಟಿ ಒರೆಸಿದಳು. ಒರೆಸಿದ ಸೆರಗನ್ನು ಮೂಗಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿದಳು.